ಕಾಗಿಣಾ ದೋಣಿಯ ಸ್ಟಾರ್ಟರ್

ಎಂಜಿನ್ ಕೆಲಸ ಕಲಿಯುವವರು ಈಗಲೂ ಒಮ್ಮೊಮ್ಮೆ ನನ್ನ ಹತ್ತಿರ ಬಂದು ಕೇಳುತ್ತಾರೆ, ಸ್ಟಾರ್ಟರನ್ನು ಎಷ್ಟು ದಿನಕ್ಕೊಮ್ಮೆ ಬಿಚ್ಚಿ ನೋಡಬೇಕು ಎಂದು. ಕೆಟ್ಟ ಮೇಲೆ ಬಿಚ್ಚುವವರೇ ತುಂಬಿರುವ ಈ ಸೀಮೆಯಲ್ಲಿ ಕೆಡುವ ಮೊದಲಿನ ಮಾತು ಕೇಳುವವರನ್ನು ಕಂಡರೆ ನಾನು ಸಂತೋಷಪಡಬೇಕು. ಆದರೆ ಸಿಟ್ಟು ಬರುತ್ತದೆ. ಅವರ ಮೇಲಲ್ಲ, ನನ್ನ ಮೇಲೆ. ಈ ಪ್ರಶ್ನೆಯ ಉತ್ತರ ನಾನು ಕಲಿತದ್ದು ಒಬ್ಬ ಮನುಷ್ಯ ಸತ್ತ ಮೇಲೆ, ಮತ್ತು ಅವನು ಸತ್ತದ್ದು ನನ್ನಿಂದ.

ನಾನು ಕೆಲಸ ಕಲಿತದ್ದು ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ. ಖಣಿಯ ತಳದಲ್ಲಿ ನಿಂತ ನೀರನ್ನು ಮೇಲೆತ್ತುವ ಡೀಸೆಲ್ ಎಂಜಿನ್ನುಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಅವುಗಳಿಗೆ ಸ್ಟಾರ್ಟರ್ ಇರಲಿಲ್ಲ. ಹ್ಯಾಂಡಲ್ ಹಾಕಿ, ಹಲ್ಲು ಕಚ್ಚಿ ತಿರುವಿದರೆ ಮುಂಜಾನೆ ಒಮ್ಮೆ ಹತ್ತಿದ ಎಂಜಿನ್ ಸಂಜೆಯವರೆಗೂ ಡಬಡಬ ಎನ್ನುತ್ತಿತ್ತು. ಓಡಿದ ತಾಸುಗಳನ್ನು ಬರೆದಿಟ್ಟುಕೊಂಡು, ಇಷ್ಟು ತಾಸಿಗೆ ಎಣ್ಣೆ ಬದಲು, ಇಷ್ಟು ತಾಸಿಗೆ ವಾಲ್ವು ಎಂದು ನೋಡಿಕೊಳ್ಳುತ್ತಿದ್ದೆವು. ವರ್ಷಕ್ಕೊಮ್ಮೆ, ದಸರೆಯ ಖಂಡೆ ಪೂಜೆಯ ದಿನ, ಎಲ್ಲವನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ತಿರುಗುವ ಭಾಗ ಒಂದನ್ನೂ ಬಿಡದೆ ಗ್ರೀಸ್ ಮೆತ್ತುತ್ತಿದ್ದೆವು. ಆಮೇಲೆ ವಿಭೂತಿ, ಕುಂಕುಮ, ಕಾಯಿ. ನಮ್ಮ ಕಡೆಯ ಮಿಸ್ತ್ರಿಗಳಿಗೆ ಅದು ಹಬ್ಬವೂ ಹೌದು, ವರ್ಷದ ದೊಡ್ಡ ಸರ್ವಿಸ್ಸೂ ಹೌದು. ಗ್ರೀಸ್ ಕಾಣದ ಭಾಗವೆಂದರೆ ಪೂಜೆ ತಪ್ಪಿದ ಭಾಗ ಎಂದೇ ನಾನು ತಿಳಿದಿದ್ದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ದಂಡೋತಿಯಿಂದ ಕೆಳಗೆ ಕಾಗಿಣಾ ನದಿ ದಾಟುವ ಒಂದು ಘಟ್ಟಕ್ಕೆ ಎಂಜಿನ್ ದೋಣಿ ಬಂತು. ಮಳೆಗಾಲದಲ್ಲಿ ಆಚೆ ದಡದ ಊರುಗಳು ತಿಂಗಳುಗಟ್ಟಲೆ ಚಿತ್ತಾಪುರಕ್ಕೆ ಬರಲಾರದೆ ಕೂರುತ್ತಿದ್ದವು. ಅದಕ್ಕಾಗಿ ತಳ ಚಪ್ಪಟೆಯಾದ ಒಂದು ಕಬ್ಬಿಣದ ದೋಣಿ, ಅದರ ಹಿಂಭಾಗದಲ್ಲಿ ಒಂದು ಪುಟ್ಟ ಎಂಜಿನ್. ಹ್ಯಾಂಡಲ್ ಇಲ್ಲ. ಬ್ಯಾಟರಿ, ಸ್ವಿಚ್ಚು, ಸ್ಟಾರ್ಟರ್, ಅಷ್ಟೇ. ಅದರ ಮಿಸ್ತ್ರಿಯಾಗಿ ನನ್ನನ್ನು ನೇಮಿಸಿದರು. ಬೆರಳಿನಿಂದ ಒತ್ತಿದರೆ ಹತ್ತುವ ಎಂಜಿನ್ ಸಿಕ್ಕಿತೆಂದು ನಾನು ಆ ವರ್ಷ ಎದೆಯುಬ್ಬಿಸಿಕೊಂಡು ಓಡಾಡಿದೆ.

ದೋಣಿ ನಡೆಸಲು ಇದ್ದವನು ಅದೇ ಘಟ್ಟದ ಅಂಬಿಗ. ಅದಕ್ಕಿಂತ ಮೊದಲು ಹರಿಗೋಲು ಹಾಕುತ್ತಿದ್ದವನು. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಕಪ್ಪಗೆ ಒಣಗಿದ ಮೈ, ಮಾತು ಕಡಿಮೆ. ಎಲ್ಲರಂತೆ ನಾನೂ ಕಾಕಾ ಅನ್ನುತ್ತಿದ್ದೆ. ಅವನ ಹೆಂಡತಿ ನನಗೆ ಕಾಕಿ. ಮಳೆಗಾಲ ಪೂರ್ತಿ ನಾನು ಘಟ್ಟದ ತಗಡಿನ ಶೆಡ್ಡಿನಲ್ಲೇ ಮಲಗುತ್ತಿದ್ದುದರಿಂದ ನನ್ನ ರೊಟ್ಟಿಯೂ ಅವರ ಮನೆಯಿಂದಲೇ ಬರುತ್ತಿತ್ತು. ಕಾಕಾನಿಗೆ ಎಂಜಿನ್ ಬಗ್ಗೆ ಏನೂ ಗೊತ್ತಿರಲಿಲ್ಲ. ಆದರೆ ಕಿವಿ ಬಹಳ ಸೂಕ್ಷ್ಮ. ನೀರು ಏರುವುದನ್ನು ಸಪ್ಪಳದಿಂದಲೇ ಹೇಳುತ್ತಿದ್ದ.

ಇಲ್ಲಿ ಸ್ಟಾರ್ಟರಿನ ವಿಷಯ ಸ್ವಲ್ಪ ಹೇಳಬೇಕು. ಅದರೊಳಗೆ ತಿರುಗುವ ಕಬ್ಬಿಣದ ದಂಡದ ಮೇಲೆ ಒಂದು ಸಣ್ಣ ಹಲ್ಲಿನ ಚಕ್ರ ಇರುತ್ತದೆ. ಸ್ವಿಚ್ಚು ಒತ್ತಿದಾಗ ಅದು ತಿರುಗುತ್ತಾ ಮುಂದೆ ಜಾರಿ, ಎಂಜಿನ್ನಿನ ದೊಡ್ಡ ಚಕ್ರದ ಹಲ್ಲನ್ನು ಹಿಡಿದು ತಿರುವುತ್ತದೆ. ಎಂಜಿನ್ ಹತ್ತಿದ ಕೂಡಲೇ ಹಿಂದೆ ಸರಿಯುತ್ತದೆ. ಅದು ಸಲೀಸಾಗಿ ಜಾರಬೇಕಾದರೆ ಆ ದಂಡ ಒಣಗಿರಬೇಕು, ಬಹಳವೆಂದರೆ ತೆಳ್ಳನೆಯ ಎಣ್ಣೆಯ ಒಂದು ಹನಿ ಸಾಕು. ನಾನು ಏನು ಮಾಡುತ್ತಿದ್ದೆ? ಖಂಡೆ ಪೂಜೆಗೆ ಮಳೆಗಾಲ ಮುಗಿದಿರುತ್ತಿತ್ತು. ದೋಣಿಯನ್ನು ದಡಕ್ಕೆ ಎಳೆದು, ಎಂಜಿನ್ನನ್ನು ಶಹಾಬಾದಿಗೆ ತಂದು, ಸ್ಟಾರ್ಟರ್ ಬಿಚ್ಚಿ, ಆ ದಂಡಕ್ಕೆ ಮನಸಾರೆ ಗ್ರೀಸ್ ಮೆತ್ತುತ್ತಿದ್ದೆ. ಕುಂಕುಮ ಹಚ್ಚಿ, ಗೋಣಿಚೀಲ ಹೊದಿಸಿ ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ಇಟ್ಟರೆ ಮುಂದಿನ ಮಳೆಯವರೆಗೆ ಅತ್ತ ನೋಡುತ್ತಿರಲಿಲ್ಲ. ಎಂಟು ತಿಂಗಳು ಆ ಗ್ರೀಸ್ ಶಹಾಬಾದಿನ ಕಲ್ಲಿನ ಧೂಳು ಕುಡಿಯುತ್ತಿತ್ತು. ಮೃಗಶಿರಾ ಮಳೆ ಬಿದ್ದಾಗ ಎಂಜಿನ್ನನ್ನು ಹಾಗೆಯೇ ದೋಣಿಗೆ ಕೂಡಿಸುತ್ತಿದ್ದೆ. ಪೂಜೆಗೆ ಬಿಚ್ಚಿದ್ದೇನಲ್ಲ, ಮತ್ತೇಕೆ ಬಿಚ್ಚಬೇಕು?

ಎರಡು ವರ್ಷ ನಡೆಯಿತು. ಮೂರನೆಯ ವರ್ಷದ ಶ್ರಾವಣದಲ್ಲಿ ಒಂದು ಮುಂಜಾನೆ, ಎಂಟನೆಯದೋ ಒಂಬತ್ತನೆಯದೋ ಸಲ ಎಂಜಿನ್ ಹಚ್ಚಿದಾಗ ಕಾಕಾ ನನ್ನ ಹತ್ತಿರ ಬಂದು ಕುಳಿತ. ಡೀಸೆಲ್ ಉಳಿಸಲು ದಡ ಮುಟ್ಟಿದಾಗಲೆಲ್ಲ ಎಂಜಿನ್ ಬಂದ್ ಮಾಡುವುದು, ಜನ ಹತ್ತಿದ ಮೇಲೆ ಮತ್ತೆ ಹಚ್ಚುವುದು ನಮ್ಮ ರೂಢಿ. ದಿನಕ್ಕೆ ಮೂವತ್ತು ನಲವತ್ತು ಸಲ ಆಗುತ್ತಿತ್ತು.

"ಮಿಸ್ತ್ರಿ, ಇವತ್ತ ಇದರ ದನಿ ಚಲೋ ಇಲ್ಲ ನೋಡಪಾ. ಮದಲ ಞಂಯ್ ಅಂತದ, ಆಮ್ಯಾಲ ಹಿಡೀಲಿಕತ್ತದ. ಜರಾ ಬಿಚ್ಚಿ ನೋಡು" ಎಂದ.

"ಕಾಕಾ, ನಿನಗ ಹುಟ್ಟು ಹಾಕಾದು ಗೊತ್ತದ, ನನಗ ಎಂಜಿನ್ ಗೊತ್ತದ. ಖಂಡೆ ಪೂಜಿಗಿ ಪೂರಾ ಬಿಚ್ಚಿ ಗ್ರೀಸ್ ತುಂಬೀನಿ. ಪುಸ್ತಕದಾಗಿನ ತಾಸು ಇನ್ನಾ ಅರ್ಧಾ ಸೈತ ಆಗಿಲ್ಲ" ಎಂದೆ. ಹತ್ತು ಜನರ ಮುಂದೆ ಅಂಬಿಗನೊಬ್ಬ ನನಗೆ ಕೆಲಸ ಹೇಳಿಕೊಟ್ಟನಲ್ಲ ಎಂದು ದನಿ ಜೋರಾಗಿಯೇ ಬಂತು.

"ಆಯ್ತಪಾ, ನೀನೇ ನೋಡು" ಎಂದು ಕಾಕಾ ಎದ್ದ. ಸಿಟ್ಟಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ. ಒಂದು ತಾಸಿನ ಬಿಡುವು ಇತ್ತು. ಸ್ಟಾರ್ಟರ್ ಬಿಚ್ಚಿ, ಒರೆಸಿ, ಮತ್ತೆ ಕೂಡಿಸಲು ಅಷ್ಟು ಹೊತ್ತು ಬೇಕಾದಷ್ಟಾಯಿತು. ನಟ್ಟು ಬಿಚ್ಚುವ ಪಾನಾ ನನ್ನ ಕಾಲ ಬಳಿಯೇ ಬಿದ್ದಿತ್ತು. ನಾನು ಜಾಲಿ ಗಿಡದ ನೆರಳಿನಲ್ಲಿ ಟವೆಲು ಹಾಸಿಕೊಂಡು ಮಲಗಿದೆ. ಅವನ ಮಾತು ಕೇಳಿ ಬಿಚ್ಚಿದರೆ ಸೋತಂತೆ ಎಂದು ನನ್ನ ಹಟ.

ಊಟ ಮುಗಿಸಿ ಕಾಕಾ ಬಂದಾಗ ಮೇಲೆ ಎಲ್ಲೋ, ಸೇಡಂ ಕಡೆಗೆ, ಮಳೆ ಜೋರಾಗಿರಬೇಕು, ನೀರು ಕೆಂಪಾಗಿ ಏರತೊಡಗಿತ್ತು. ಆಚೆ ದಡದಲ್ಲಿ ಹನ್ನೊಂದು ಜನ ನಿಂತಿದ್ದರು. ಅವರನ್ನು ತಂದುಬಿಟ್ಟರೆ ಅವತ್ತಿನ ದೋಣಿ ಬಂದ್ ಎಂದು ಮಾತಾಯಿತು. ಹೋದೆವು, ಜನ ಹತ್ತಿದರು, ಎಂಜಿನ್ ಞಂಯ್ ಎಂದು ಕೊಸರಾಡಿ ಹತ್ತಿತು. ಕಾಕಾ ಒಮ್ಮೆ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ.

ನಡುಹೊಳೆಯಲ್ಲಿ ತೇಲಿ ಬಂದ ಬಳ್ಳಿ ಕಂಟಿ ನೀರೊಳಗಿನ ಪಂಖಕ್ಕೆ ಸುತ್ತಿಕೊಂಡು ಎಂಜಿನ್ ನಿಂತಿತು. ಹೀಗೆ ಮೊದಲೂ ಆಗಿತ್ತು. ಕಾಕಾ ಬಗ್ಗಿ ಕುಡಗೋಲಿನಿಂದ ಬಳ್ಳಿ ಕೊಯ್ದು ತೆಗೆದು, "ಹಚ್ಚು" ಎಂದ. ನಾನು ಸ್ವಿಚ್ಚು ಒತ್ತಿದೆ. ಞಂಯ್. ಸ್ಟಾರ್ಟರ್ ತನ್ನ ಪಾಡಿಗೆ ತಾನು ತಿರುಗಿತು, ಎಂಜಿನ್ನನ್ನು ಹಿಡಿಯಲಿಲ್ಲ. ಮತ್ತೆ ಒತ್ತಿದೆ. ಮತ್ತೆ ಅದೇ. ದೋಣಿ ಅಡ್ಡ ತಿರುಗಿ ಸೆಳವಿನಲ್ಲಿ ಜಾರತೊಡಗಿತು. ಎರಡು ಫರ್ಲಾಂಗು ಕೆಳಗೆ ಹಳೆಯ ಕಲ್ಲಿನ ಒಡ್ಡು ಇತ್ತು. ಅಲ್ಲಿ ನೀರು ಧುಮುಕುವ ಸಪ್ಪಳ ನಮಗೆ ಕೇಳುತ್ತಿತ್ತು. ಹುಟ್ಟು ಆ ಕಬ್ಬಿಣದ ದೋಣಿಗೆ ಏನೂ ಸಾಲದು. ಹೆಂಗಸರು ಕೂಗಲು ಶುರು ಮಾಡಿದರು. ನಾನು ಒತ್ತುತ್ತಲೇ ಇದ್ದೆ, ನನಗೆ ಬೇರೆ ಏನೂ ತೋಚಲಿಲ್ಲ.

ಕಾಕಾ ದೋಣಿಗೆ ಕಟ್ಟಿದ್ದ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನೀರಿಗೆ ಹಾರಿದ. ದಡದ ಹತ್ತಿರ ಅರ್ಧ ಮುಳುಗಿದ ಒಂದು ಕರಿಜಾಲಿ ಮರ ಇತ್ತು. ಅದರ ತನಕ ಈಜಿ ಹೋಗಿ, ಹಗ್ಗ ಬಿಚ್ಚಿ ಬೊಡ್ಡೆಗೆ ಸುತ್ತಿ ಗಂಟು ಹಾಕಿದ. ಹಗ್ಗ ಬಿಗಿಯಾಗಿ ದೋಣಿ ಜಗ್ಗಿ ನಿಂತಿತು. ಜನರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು, ಆದರೆ ಯಾರೂ ಹೊರಗೆ ಬೀಳಲಿಲ್ಲ. ಕಾಕಾ ಮರ ಹಿಡಿದು ನಮ್ಮ ಕಡೆ ತಿರುಗಿದ. ಅಷ್ಟರಲ್ಲಿ ಮೇಲಿನಿಂದ ತೇಲಿ ಬಂದ ಒಂದು ಕೊರಡು ಅವನ ಹೆಗಲಿಗೆ ಬಡಿಯಿತು. ಅವನ ಕೈ ಬಿಟ್ಟಿತು. ಒಮ್ಮೆ ತಲೆ ಕಂಡಿತು, ಮತ್ತೆ ಕಾಣಲಿಲ್ಲ.

ನಾನು ಪಾನಾ ಎತ್ತಿ ಸ್ಟಾರ್ಟರಿನ ಮೈಗೆ ಹುಚ್ಚನಂತೆ ಬಡಿದೆ. ಬಡಿಯುತ್ತಾ ಸ್ವಿಚ್ಚು ಒತ್ತಿದೆ. ಒಳಗೆ ಅಂಟಿಕೊಂಡಿದ್ದ ಚಕ್ರ ಸಡಿಲಾಗಿ ಎಂಜಿನ್ ಹತ್ತಿತು. ಆ ಪೆಟ್ಟು ಎರಡು ನಿಮಿಷ ಮೊದಲು ಹಾಕಿದ್ದರೆ ಕಾಕಾ ದೋಣಿಯಲ್ಲೇ ಇರುತ್ತಿದ್ದ. ಹಗ್ಗ ಕೊಯ್ದು, ಜನರನ್ನು ದಡಕ್ಕೆ ಬಿಟ್ಟು ಕತ್ತಲಾಗುವ ತನಕ ಹುಡುಕಿದೆ. ಎರಡು ದಿನದ ಮೇಲೆ ಒಡ್ಡಿನ ಕೆಳಗೆ ಹೆಣ ಸಿಕ್ಕಿತು.

ಆ ಎರಡು ದಿನದ ನಡುವೆ ನಾನು ಒಂದು ಕೆಲಸ ಮಾಡಿದೆ. ಸ್ಟಾರ್ಟರ್ ಬಿಚ್ಚಿದೆ. ದಂಡದ ಮೇಲಿನ ಗ್ರೀಸ್ ಗ್ರೀಸಾಗಿ ಉಳಿದಿರಲಿಲ್ಲ, ಗ್ರೀಸೂ ಕಲ್ಲಿನ ಪುಡಿಯೂ ಸೇರಿ ಹಳೆಯ ಬೆಲ್ಲದಂತೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಅದನ್ನೆಲ್ಲ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿದ ಬಟ್ಟೆಯನ್ನು ಹೊಳೆಗೆ ಎಸೆದೆ. ವಿಚಾರಣೆಗೆ ಬಂದ ಸಾಹೇಬರು ಪುಸ್ತಕ ತೆಗೆಸಿ ನೋಡಿದರು. ಎಂಜಿನ್ ಓಡಿದ ತಾಸುಗಳು ಲೆಕ್ಕದ ಒಳಗೇ ಇದ್ದವು. ಸರ್ವಿಸ್ ಆಗಿದೆ ಎಂಬುದಕ್ಕೆ ನನ್ನದೇ ಸಹಿ ಇತ್ತು. ಹೊಳೆ ಏರಿದಾಗ ಆದ ಅವಘಡ ಎಂದು ಬರೆದುಕೊಂಡು ಹೋದರು. ಕಾಕಿಗೂ ನಾನು ಅದನ್ನೇ ಹೇಳಿದೆ. "ಬಳ್ಳಿ ಸಿಕ್ತು ಕಾಕಿ, ಎಂಜಿನ್ ನಿಂತ್ತು. ದೇವರು ಮಾಡಿದ್ದು." ಎಂಜಿನ್ನು ನಿಂತದ್ದು ನಿಜ. ಅದು ಮತ್ತೆ ಯಾಕೆ ಹತ್ತಲಿಲ್ಲ ಎಂಬ ಮಾತನ್ನು ನುಂಗಿದೆ.

ಆಮೇಲೆ ಸ್ಟಾರ್ಟರ್ ವಿಷಯದಲ್ಲಿ ನನಗೆ ಹುಚ್ಚು ಹಿಡಿದಿದೆ ಎಂದು ಜನ ನಗುವಷ್ಟಾಯಿತು. ಎಂಜಿನ್ ಓಡಿದ ತಾಸಿಗೂ ಸ್ಟಾರ್ಟರಿಗೂ ಸಂಬಂಧವೇ ಇಲ್ಲ, ಎಷ್ಟು ಸಲ ಹಚ್ಚಿದಿರಿ ಎಂಬುದೇ ಅದರ ಆಯುಷ್ಯ. ನೀರಿನ ಮೇಲಿನ ಎಂಜಿನ್ನಿಗೆ ಪೂಜೆಯ ದಿನದ ಸರ್ವಿಸ್ ಸಾಲದು. ನೀರಿಗೆ ಇಳಿಸುವ ವಾರ ಒಮ್ಮೆ ಪೂರ್ತಿ ಬಿಚ್ಚಬೇಕು. ಹೊಳೆಯಲ್ಲಿ ಇರುವಷ್ಟು ಕಾಲ ಎಂಟು ದಿನಕ್ಕೊಮ್ಮೆ ತೆಗೆದು ಒಣ ಬಟ್ಟೆಯಲ್ಲಿ ಒರೆಸಬೇಕು. ದನಿ ಬದಲಾದರೆ ಎಂಟು ದಿನ ಕಾಯಬಾರದು, ಆಗಲೇ ಬಿಚ್ಚಬೇಕು. ಕೇಳಿದವರಿಗೆಲ್ಲ ಇಷ್ಟು ಹೇಳುತ್ತೇನೆ. ಯಾರಿಂದ ಕಲಿತಿರಿ ಎಂದರೆ ಎದ್ದು ಹೋಗುತ್ತೇನೆ.

ಸೇತುವೆ ಆಗಿ ದೋಣಿ ಗುಜರಿಗೆ ಹೋಯಿತು. ನಾನು ವಾಡಿಯಲ್ಲಿ ಒಂದು ಗ್ಯಾರೇಜು ಸೇರಿದೆ. ಆದರೂ ಪ್ರತಿ ಶ್ರಾವಣದಲ್ಲಿ ಒಂದು ದಿನ ಕಾಕಿಯ ಮನೆಗೆ ಹೋಗುತ್ತಿದ್ದೆ. ಆಕೆ ನನ್ನನ್ನು ಕಂಡರೆ ಮುಖ ಅರಳಿಸಿ ರೊಟ್ಟಿ ಬಡಿಯಲು ಕೂರುತ್ತಿದ್ದಳು, ಏಳುವಾಗ ಮುಂದಿನ ಶ್ರಾವಣಕ್ಕೂ ಬಾ ಎನ್ನುತ್ತಿದ್ದಳು. ಹೇಳಿಬಿಡಬೇಕು ಎಂದು ಹೋಗುವುದು, ತಿಂದು ಸುಮ್ಮನೆ ಬರುವುದು, ಹೀಗೆ ಏಳೆಂಟು ವರ್ಷ ಕಳೆದವು. ಹೇಡಿತನಕ್ಕೆ ನಾನು ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದೆ.

ಕೊನೆಯ ಸಲ ಹೋದಾಗಲೂ ಹಾಗೆಯೇ ಒಲೆಯ ಮುಂದೆ ಕುಳಿತೆ. ಆಕೆ ತಾಟಿಗೆ ಬಿಸಿ ರೊಟ್ಟಿ, ಪುಂಡಿ ಪಲ್ಯ ಹಾಕಿದಳು. ಇವತ್ತು ಹೇಳಿಯೇ ತೀರುವುದು ಎಂದು "ಕಾಕಿ, ಒಂದು ಮಾತು" ಎಂದೆ. ಆಕೆ ನನ್ನ ಮಾತು ಕೇಳಿಸಿಕೊಳ್ಳದೆ ತನ್ನಷ್ಟಕ್ಕೇ ನಕ್ಕಳು.

"ನಿನ್ನ ನೋಡಿದ್ರ ಅವ್ರ ಮಾತೇ ನೆನಪಾಗತದ ತಮ್ಮಾ. ಆವತ್ತ ಮಧ್ಯಾನ ಉಣ್ಣಾಕ ಬಂದಾಗ ಅಂದಿದ್ರು. ಮಿಸ್ತ್ರಿ ಭಾಳ ಸಿಟ್ಟಿನ ಮನಷಾ, ಮಾರಿ ಮ್ಯಾಲ ಇಲ್ಲ ಅಂತಾನ. ಖರೆ ಕೆಲಸದಾಗ ಪಕ್ಕಾ. ನಾ ಅಲ್ಲಿದ್ರ ಎಂಜಿನ್ ಬಿಚ್ಚಂಗಿಲ್ಲ, ನಾಚಕೊಂತಾನ. ನಾ ಈಕಡಿ ಬಂದೀನಿ ಅಂದ್ರ ಬಿಚ್ಚಿ ನೋಡೇ ಇರ್ತಾನ. ಹಂಗಂದು, ಇನ್ನಾ ಒಂದು ರೊಟ್ಟಿ ಹಾಕು, ಅಂವಗ ಜರಾ ಹೊತ್ತು ಸಿಗಲಿ ಅಂತ ಮೆಲ್ಲಕ ಕುಂತು ಉಂಡ್ರು." ಆಕೆ ಕೈಯಲ್ಲಿನ ಹಿಟ್ಟು ಒರೆಸಿಕೊಂಡು ನನ್ನನ್ನು ನೋಡಿದಳು. "ಬಿಚ್ಚಿ ನೋಡಿದ್ದಿ, ಹೌದಲ್ಲೋ?"

"ಇಲ್ಲ ಕಾಕಿ" ಎಂದೆ. "ಮಲಗಿದ್ದೆ."

ತವದ ಮೇಲಿನ ರೊಟ್ಟಿ ಸೀದು ಹೊಗೆ ಬಂತು. ಆಕೆ ಅದನ್ನು ತೆಗೆಯಲಿಲ್ಲ. ನನ್ನ ತಾಟಿನ ಕಡೆ ಕೈ ತೋರಿಸಿ, "ಉಂಡು ಏಳು" ಎಂದಳು. ಉಂಡೆ. ನಾನು ಏಳುವಾಗ ಆಕೆ ಒಲೆಯ ಕಡೆ ಮುಖ ಮಾಡಿ ಕುಳಿತಿದ್ದಳು, ಮುಂದಿನ ಶ್ರಾವಣಕ್ಕೆ ಬಾ ಎಂದು ಹೇಳಲಿಲ್ಲ.