ಹುಳಿ ಬರದ ಹುಳಿಮಾಂಸ

ನಮ್ಮಕ್ಕ ಬುವಾಚುಮ್‌ಳನ್ನು ನಮ್ಮೂರು ಫಯಾವ್‌ನ ಸಂತೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ಚಿನ್‌ಸೋಮ್ ಅಕ್ಕ’ ಅಂದರೆ ಮುಗಿಯಿತು. ಚಿನ್‌ಸೋಮ್ ಅಂದರೆ ಹುಳಿಮಾಂಸ. ಹಂದಿಮಾಂಸ ಕೊಚ್ಚಿ, ಉಪ್ಪು, ಬೆಳ್ಳುಳ್ಳಿ, ಅನ್ನ ಕಲಸಿ, ಬಾಳೆಲೆಯಲ್ಲಿ ಬಿಗಿದು ಕಟ್ಟಿಟ್ಟರೆ ತಾನಾಗಿಯೇ ಹುಳಿ ಬರುತ್ತದೆ. ಬೇಯಿಸುವ ಮಾತೇ ಇಲ್ಲ. ಶುಂಠಿ, ಮೆಣಸಿನಕಾಯಿ ಕಚ್ಚಿಕೊಂಡು ಹಸಿಯಾಗೇ ಬಾಯಿಗೆ.

ಆ ಹಸಿಯೇ ನಮ್ಮ ಭಾವ ಇನ್‌ಪನ್‌ನ ಕಿವಿ ನುಂಗಿತು. ಯಾರದೋ ಮದುವೆಯಲ್ಲಿ ಹಸಿ ಹಂದಿ ತಿಂದು ಬಂದ, ಜ್ವರ ಹಿಡಿಯಿತು. ಜ್ವರ ಹೋಯಿತು, ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಅವತ್ತಿನಿಂದ ಅಕ್ಕ ಕ್ರಿಮಿ ಕೊಲ್ಲುವ ವಿಕಿರಣದ ರಶ್ಮಿ ಹಾಯಿಸದೆ ಒಂದು ಗಂಟನ್ನೂ ಮಾರಿದವಳಲ್ಲ. ಬ್ಯಾಂಕಾಕ್ ಬಳಿ ಅದರ ಕಾರ್ಖಾನೆಯಿದೆ. ಪೆಟ್ಟಿಗೆ ಒಂದು ಬಾಗಿಲಲ್ಲಿ ಒಳಗೆ ಹೋಗಿ ಇನ್ನೊಂದರಲ್ಲಿ ಹೊರಗೆ ಬರುತ್ತದೆ. ಮಾಂಸ ಬೇಯುವುದಿಲ್ಲ, ಕ್ರಿಮಿ ಸಾಯುತ್ತದೆ, ಬಹಳ ದಿನ ಕೆಡುವುದಿಲ್ಲ. ರಶ್ಮಿ ಹಾಯಿಸಿದ್ದಕ್ಕೆ ಗುರುತಾಗಿ ಮೇಲೆ ಹಸಿರು ಮುದ್ರೆ. ಗಾಡಿ ಹೊಡೆಯುವವನು ನಾನು.

ಸಂತೆಯವರ ಬಾಯಿ ಕೇಳಬೇಕು. ‘‘ಅದನ್ನ ತಿಂದ್ರೆ ಹೊಟ್ಟೆ ಮಿಣಮಿಣ ಹೊಳೆಯುತ್ತಂತೆ ಕಣ್ರೇ, ದೀಪದ ಖರ್ಚು ಉಳೀತು!’’ ಊರಲ್ಲಿ ಯಾವ ನಾಯಿಯೂ ಕೊಳ್ಳಲಿಲ್ಲ. ಉಳಿದಿದ್ದು ಬ್ಯಾಂಕಾಕಿನ ಒಂದೇ ಅಂಗಡಿ, ಜೆ ಹುಯಿ ಎಂಬಾಕೆಯದು. ಜೆ ಅಂದರೆ ಚೀನೀ ಅಂಗಡಿಯವರ ಮಾತಲ್ಲಿ ಅಕ್ಕ.

ಈ ಸಲ ಚಳಿ ಬೇಗ ಬಂತು. ಚಳಿಗೆ ಹುಳಿ ಏರುವುದಿಲ್ಲ. ಹೆಂಗಸರು ಗಂಟುಗಳನ್ನು ಬಿಸಿಲಿಗಿಟ್ಟು ಕಾಯುತ್ತಾರೆ. ಅಷ್ಟರಲ್ಲಿ ಕಾರ್ಖಾನೆಯಲ್ಲಿ ನಮ್ಮ ಸರದಿ ಬಂದೇಬಿಟ್ಟಿತು. ತಪ್ಪಿದರೆ ಮತ್ತೆ ಯಾವಾಗಲೋ.

‘‘ಅಕ್ಕಾ, ಇನ್ನೂ ಹಸಿ ಹಂದಿ ಇದು. ಹುಳಿಯ ವಾಸನೆಯೇ ಇಲ್ಲ.’’

‘‘ಬರುತ್ತೆ ಏರಿಸೋ. ಸೂರ್ಯಂದೂ ರಂಗ್ಸಿ, ಬುದ್ಧನ ತಲೆ ಹಿಂದೆ ಹೊಳೆಯೋದೂ ರಂಗ್ಸಿ, ಕಾರ್ಖಾನೇದೂ ರಂಗ್ಸಿ. ಅಂಗಳದ ಬಿಸಿಲಿಗೇ ಹುಳಿ ಬರುತ್ತೆ ಅಂದ್ಮೇಲೆ ಅಲ್ಲಿ ಬರಲ್ವಾ?’’

ನಮ್ಮ ಭಾಷೆಯಲ್ಲಿ ಎಲ್ಲ ಕಿರಣಕ್ಕೂ ಅದೊಂದೇ ಮಾತು. ಗಾಡಿಗೆ ಏರಿಸಿದೆ.

ಹುಳಿ ತರುವುದೂ ಒಂದು ಕ್ರಿಮಿಯೇ, ರಶ್ಮಿ ಅದನ್ನೂ ಕೊಲ್ಲುತ್ತದೆ ಎಂದು ಕಾರ್ಖಾನೆಯವನು ಹೇಳಿದ್ದು ಎಲ್ಲ ಮುಗಿದ ಮೇಲೆ. ಮೊದಲೇ ಹೇಳಲು ಅವನ ಬಾಯಲ್ಲಿ ಏನು ಕಡುಬಿತ್ತೋ!

ಅಕ್ಕ ಮುಂದಿನ ಸಲಕ್ಕೆ ಮಾಂಸ ಕಲಸುತ್ತಿದ್ದಾಗ ಜೆ ಹುಯಿಯ ಫೋನು ಬಂತು. ಅವಳ ಕೈಯೆಲ್ಲ ಜಿಡ್ಡು, ದನಿ ಜೋರು ಮಾಡಿ ನಾನೇ ಅವಳ ಮುಂದೆ ಹಿಡಿದುಕೊಂಡೆ.

‘‘ಏನಮ್ಮಾ ಬುವಾಚುಮ್, ಹೆಸರು ಹುಳಿಮಾಂಸ, ಹುಳಿ ಎಲ್ಲಿ? ಬಸ್ಸು ತಪ್ಪಿಸಿಕೊಳ್ತಾ?’’

‘‘ಸ್ವಲ್ಪ ದಿನ ಇಟ್ಟು ನೋಡಿ, ಜೆ.’’

‘‘ಇಟ್ಟಾಯ್ತು. ಕೊಳೆಯೋದೂ ಇಲ್ಲ, ಹುಳಿಯೋದೂ ಇಲ್ಲ. ನೋಡು, ಇನ್ಮೇಲೆ ಆ ರಶ್ಮಿ ಉಸಾಬರಿ ಬೇಡ. ಹುಳಿ ಬಂದ ತಕ್ಷಣ ನೇರ ನನಗೆ ಕಳಿಸು. ಹಸಿರು ಮುದ್ರೆ ನಾನು ಅಂಟಿಸ್ಕೋತೀನಿ. ಆಗಲ್ಲ ಅಂದ್ರೆ ಇವತ್ತಿಗೆ ಮುಗೀತು.’’

‘‘ನಿನ್ನ ಮುಖಕ್ಕೆ ಅಂಟಿಸ್ಕೋ ಮುದ್ರೇನ!’’ ನಾನು ಕೂಗಿದೆ.

‘‘ಬಾಯ್ ಮುಚ್ಚೋ! ನಿನ್ನ ಬಾಯಿಗೆ ಹೆದರಿ ಯಾರಾದ್ರೂ ಕೊಳ್ತಾರಾ?’’ ಅಕ್ಕ ಗದರಿದಳು. ಎದುರಿಗೆ ಭಾವ ಎಲೆ ಒರೆಸುತ್ತಿದ್ದ. ಅವನ ಕಿವಿಯ ಕಡೆಗೇ ನೋಡುತ್ತ ಕೂತಳು. ಫೋನಿನಲ್ಲಿ ಆಕೆ ‘‘ಏನಂತೀಯ?’’ ಅಂದಳು, ಮತ್ತೆ ಅಂದಳು.

‘‘ಆಗಲ್ಲ, ಜೆ.’’

ಆ ಕಡೆ ಪಟ್ಟನೆ ಇಟ್ಟರು.

ಭಾವ ತಲೆಯೆತ್ತಿ, ಕಿವುಡರ ದೊಡ್ಡ ದನಿಯಲ್ಲಿ ಕೇಳಿದ: ‘‘ಅಂಗಡಿಯವಳಾ? ಎಷ್ಟು ಪೆಟ್ಟಿಗೆ ಬೇಕಂತೆ?’’

ಅಕ್ಕ ಎರಡೂ ಕೈಯ ಬೆರಳು ಅಗಲಿಸಿ, ಏನೂ ಇಲ್ಲ ಎಂದು ಅಲ್ಲಾಡಿಸಿದಳು.

‘‘ಹತ್ತಾ!’’ ಭಾವನ ಮುಖ ಅರಳಿತು. ‘‘ಹತ್ತು ಪೆಟ್ಟಿಗೆಗೆ ಈ ಎಲೆ ಎಲ್ಲಿ ಸಾಲುತ್ತೆ?’’ ಕತ್ತಿ ಹಿಡಿದು ಹಿತ್ತಲಿಗೆ ಹೊರಟ.

ತಡೆಯಲು ನಾನು ಎದ್ದೆ. ಅಕ್ಕ ನನ್ನ ಲುಂಗಿ ಹಿಡಿದು ಕೂರಿಸಿದಳು. ಹಿತ್ತಲಲ್ಲಿ ಬಾಳೆಲೆ ಕಡಿಯುವ ಸದ್ದು ಶುರುವಾಯಿತು. ಅವಳು ಬೋಗುಣಿ ಎಳೆದುಕೊಂಡು, ಮಾಂಸವನ್ನು ಮತ್ತೆ ನಾದತೊಡಗಿದಳು.