ಗುರುತಿಲ್ಲದ ಗಿರಾಕಿ

ಗಜಾನನಣ್ಣನ ಸಿದ್ದಾಪುರದ ಅಂಗಡಿಗೆ ಕೆಟ್ಟ ಮಿಕ್ಸರ್ ಹಿಡಿದು ಬಂದವರಿಗೆ ಮೊದಲ ಪ್ರಶ್ನೆ ಮಿಕ್ಸರಿನ ಬಗ್ಗೆ ಇರುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, "ನಿಂಗ್ಳ ಮನೆ ಯಾವ್ದು?" ಎನ್ನುತ್ತಿದ್ದ. ಊರು, ಅಜ್ಜನ ಹೆಸರು, ತಾಯಿಯ ತವರು ಎಂದು ಕೆದಕಿ, ಎಲ್ಲಾದರೂ ಒಂದು ನೆಂಟಸ್ತಿಕೆಯ ಎಳೆ ಸಿಗುವವರೆಗೆ ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ. ಎಳೆ ಸಿಕ್ಕಿತೋ, ಮಜೂರಿ ಬಿಟ್ಟೇಬಿಟ್ಟ.

ಅವನ ನಿಜವಾದ ಹುಚ್ಚು ಬೇರೆ. ಕೀಲಿಮಣೆಯೊಳಗೇ ಇಡೀ ಯಂತ್ರ ಅಡಗಿರುವ, ಟಿವಿಗೆ ಸಿಕ್ಕಿಸಿದರೆ ಓಡುವ ಒಂದು ಬಗೆಯ ಕಂಪ್ಯೂಟರ್ ಅವನ ಬಳಿ ಇತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೇರಿಸಿದರೂ ಅದನ್ನು ಇಟ್ಟುಕೊಂಡವರು ಊಟದ ಒಂದು ಪಂಕ್ತಿ ತುಂಬುವಷ್ಟಿರಲಿಲ್ಲ. ಅದಕ್ಕಾಗಿ ಚೌಕಾಬಾರದ ಆಟವೊಂದನ್ನು ಬರೆದ. ಕವಡೆ ಬೀಳುವ ಸದ್ದಿಗಾಗಿ ಅಂಗಡಿಯ ಮೆಟ್ಟಿಲ ಮೇಲೆ ನಿಜವಾದ ಕವಡೆಗಳನ್ನೇ ಎಸೆದು ರೆಕಾರ್ಡ್ ಮಾಡಿದ. ಆಟವನ್ನು ಸಣ್ಣ ಮೆಮೊರಿ ಕಾರ್ಡಿಗೆ ಹಾಕಿ ಗಾಜಿನ ಕಪಾಟಿನಲ್ಲಿ ಮಾರಾಟಕ್ಕಿಟ್ಟ. ನೆಂಟರೆಲ್ಲ ಚೊಲೋ ಇದ್ದು ಎಂದರು, ಕಾರ್ಡು ಮಾತ್ರ ಒಂದೂ ಮಾರಾಟವಾಗಲಿಲ್ಲ.

ಬಿಡುವಾದಾಗಲೆಲ್ಲ ಅವನ ಅಂಗಡಿಯಲ್ಲಿ ಕೂರುತ್ತಿದ್ದ ನಾನು ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿ ಬಂದವನು. ಯಂತ್ರ ಕಡಿಮೆಯೆಂದು ಯಾರೂ ಅದಕ್ಕೆ ಆಟ ಬರೆಯುವುದಿಲ್ಲ, ಆಟವಿಲ್ಲವೆಂದು ಯಾರೂ ಯಂತ್ರ ಕೊಳ್ಳುವುದಿಲ್ಲ ಎಂದು ವಿವರಿಸಿದೆ.

"ಅದೆಲ್ಲ ಸರಿ ಇದ್ದು ತಮಾ," ಎಂದ. "ಆದ್ರೆ ಇಲ್ಲಿ ತಗಂಬವೆಲ್ಲ ಗುರ್ತಿನವು. ಗುರ್ತಿನವು ತಗಂಡ್ರೆ ವ್ಯಾಪಾರ ಅಲ್ದೋ, ದಾಕ್ಷಿಣ್ಯ. ಆಟ ಚೊಲೋ ಇದ್ದ ಇಲ್ಯ ಹೇಳಿ ಗೊತ್ತಪ್ಪದು ಹೆಂಗೆ? ಯಂಗೆ ಒಬ್ಬ ಸಾಕು. ಗುರ್ತಿಲ್ದೇ ಇಪ್ಪವ."

ಅಂಥವನೊಬ್ಬ ಬಂದೂ ಬಂದ. ಕಪಾಟು ನೋಡಿ, ಆಟ ಬೇಕೆಂದು ಕಿಸೆಗೆ ಕೈಹಾಕಿದ. ಗಜಾನನಣ್ಣನ ಕನ್ನಡಕ ಹಣೆಗೇರಿತು.

"ಯಾವ ಊರು?"

"ಹೆಗ್ಗರಣೆ."

"ಹೆಗ್ಗರಣೇಲಿ ಯಾರ ಮನೆ?"

ಅವನು ಹೇಳಿದ. "ಅಯ್ಯೋ, ಯಮ್ಮನೆ ಸಣ್ಣತ್ತೆಯ ಕೊಟ್ಟಿದ್ದು ನಿಂಗ್ಳ ಮನೆಗೇ ಆತಲೋ!" ಚಹಾ ಬಂತು. ಕಾರ್ಡು ಪುಕ್ಕಟೆ ಹೋಯಿತು. ಅವನು ಮರೆಯಾದ ಮೇಲೆ ಗಜಾನನಣ್ಣ ಹಣೆ ಚಚ್ಚಿಕೊಂಡ. "ಥೋ, ಯನ್ನ ಬಾಯಿ!"

ಮುಂದಿನದರ ಬಗ್ಗೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಗಜಾನನಣ್ಣ ಕಣ್ಣು ತೋರಿಸಲು ಶಿರಸಿಗೆ ಹೋಗಿದ್ದ ದಿನ ಅಂಗಡಿಯಲ್ಲಿ ನಾನು ಕೂತಿದ್ದೆ. ಒಬ್ಬ ಹೆಂಗಸು ಬಂದಳು. ಕೈಚೀಲದಲ್ಲಿ ಶುಂಠಿ ಇತ್ತೆಂದು ಈಗ ಅನಿಸುತ್ತದೆ, ಶುಂಠಿ ಬೆಳೆಯುವ ಬನವಾಸಿ ಕಡೆಯ ಅವಳ ಮಾತು ಕೇಳಿ ಆಮೇಲೆ ಸೇರಿಸಿಕೊಂಡೆನೋ ಏನೋ. "ಆ ಕಂಪ್ಯೂಟರ್ ನಮ್ಮ ಮನ್ಯಾಗ ಐತ್ರಿ. ಅದಕ್ಕ ಏನೂ ಸಿಗಂಗಿಲ್ಲ," ಎಂದು ಹಣ ಕೊಟ್ಟು ಕಾರ್ಡು ಒಯ್ದಳು. ನಾನು ಏನೂ ಕೇಳಲಿಲ್ಲ.

ಸಂಜೆ ಗಜಾನನಣ್ಣ ನೋಟನ್ನು ಬೆಳಕಿಗೆ ಹಿಡಿದ. "ಯಾರು?"

"ಗೊತ್ತಿಲ್ಲೆ."

"ಊರು?"

"ಕೇಳಿದ್ನಿಲ್ಲೆ."

ಅರಳಿದ ಮುಖ ಮೆಲ್ಲಗೆ ಬಾಡಿತು. "ನೀನೇ ದುಡ್ಡು ಹಾಕಿದ್ದಲ್ಲ ಅಲ್ದನಾ? ಯಂಗೆ ಬೇಜಾರಾಗ್ತು ಹೇಳಿ?" ನಾನು ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ನಾನೂ ಗುರುತಿನವನೇ ಅಲ್ಲವೇ?

ಅವನು ಈಗ ಇಲ್ಲ. ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ. ನಾನು ಬರೆದದ್ದನ್ನು ಹತ್ತಿರದವರು ಹೊಗಳಿದರೆ ತುಸು ಅನುಮಾನಿಸುವುದು, ಅಪರಿಚಿತರು ಬೈದರೆ ಕುರ್ಚಿ ಎಳೆದು ಕೂತು ಓದುವುದು ಅವನಿಂದ ಬಂದ ಅಭ್ಯಾಸ. ವಿಶ್ವವಿದ್ಯಾಲಯ ಎಲ್ಲವನ್ನೂ ಸಂಶಯಿಸಲು ಕಲಿಸಿತ್ತು. ಸಂಶಯದಲ್ಲೂ ಖುಷಿಯಾಗಿರಬಹುದೆಂದು ತೋರಿಸಿದವನು ಇವನು.

ಏಕೆಂದರೆ ಆ ಮಾರಾಟವಾದ ಕೆಲವು ದಿನಕ್ಕೆ ಆ ಹೆಂಗಸು ಮತ್ತೆ ಬಂದಳು. ಗಜಾನನಣ್ಣ ಇದ್ದಾಗಲೇ ಬಂದು ಕಾರ್ಡನ್ನು ಮೇಜಿನ ಮೇಲೆ ಕುಕ್ಕಿದಳು. "ಏನ್ರೀ ಇದು? ಬಾರಾ ಬಿದ್ರ ಇನ್ನೊಂದ್ಸಲ ಕವಡಿ ಹಾಕಾಕ ಬಿಡಬೇಕಲ್ಲ? ಬಿಡವಲ್ದು! ರೊಕ್ಕ ತಗೊಂಡೀರಿ, ಆಡಿ ನೋಡೀರೇನು?"

ಚೊಲೋ ಇದ್ದು ಎಂದಿದ್ದ ನೆಂಟರಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ. ಆಡಿದ್ದರೆ ತಾನೆ ಹೇಳಲು.

ಗಜಾನನಣ್ಣನ ಕಣ್ಣು ತುಂಬಿತು. "ಖರೇ ತಪ್ಪು, ಅಕ್ಕಾ. ಕೂತ್ಕಳಿ," ಎಂದು ಅಲ್ಲೇ ತಿದ್ದಲು ಕುಳಿತ. ಒಮ್ಮೆ ಕನ್ನಡಕ ಹಣೆಗೇರಿತು, ಬಾಯಿ ತೆರೆಯಿತು. ಮುಷ್ಟಿಯನ್ನು ತುಟಿಗೆ ಒತ್ತಿಕೊಂಡು ಕೆಮ್ಮಿದ. ಆಕೆ ಹೊರಗೆ ಕಾಲಿಡುತ್ತಲೇ ನನ್ನ ಬೆನ್ನು ನೂಕಿದ. "ಓಡು ತಮಾ, ಯಾವ ಬಸ್ ಹತ್ತತು ನೋಡು!"

ಓಡಿದೆ. ಬಸ್ಸಿನ ಬೋರ್ಡು ಓದಿದೆನೋ, ಧೂಳಿನಲ್ಲಿ ಕಾಣಲಿಲ್ಲವೋ, ಈಗ ಖಚಿತವಿಲ್ಲ. ಮರಳಿ ಬಂದು "ಕಂಡಿದ್ದಿಲ್ಲೆ" ಎಂದದ್ದು ಮಾತ್ರ ನೆನಪಿದೆ.

"ಒಳ್ಳೇದಾತು," ಎಂದು ಅವನು ಕನ್ನಡಕ ಇಳಿಸಿಕೊಂಡ.