ಆಪಾನ ಕಿತ್ತಳೆ, ನನ್ನ ಲಿಂಬಿ

ಒಂದೇ ಗಿಡದಲ್ಲಿ ಮೂಸಂಬಿ, ಗಜನಿಂಬೆ, ಕಿತ್ತಳೆ ಮೂರೂ ತೂಗುತ್ತಿದ್ದವು. ಕೊಡಿಗೇಹಳ್ಳಿಯ ಆ ಹಳೇ ಮನೆಗೆ ಬಾಡಿಗೆಗೆ ಬಂದ ದಿನ ಸಾಮಾನು ಇಳಿಸುವುದನ್ನು ಬಿಟ್ಟು ಹಿತ್ತಲಲ್ಲಿ ನಿಂತುಬಿಟ್ಟೆ. ಯಾರೋ ದಾರದಿಂದ ಕಟ್ಟಿದ್ದಾರೆಂದು ಒಂದು ಹಣ್ಣನ್ನು ಮೆಲ್ಲಗೆ ಎಳೆದೂ ನೋಡಿದೆ.

“ಎಳೀಬೇಡಮ್ಮ, ಅದು ಕಸಿ,” ಎಂದರು ಹಿಂದಿನಿಂದ ಮನೆಯೊಡತಿ ಫರೀದಾ ಆಪಾ. ಉರ್ದು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಆ ಗಿಡಕ್ಕೆ ಕಸಿ ಕಟ್ಟಿದ್ದು ಅವರೇ.

ನಾನು ಇಂಡಿ ಕಡೆಯವಳು, ಲಿಂಬಿ ತೋಟದಲ್ಲಿ ಬೆಳೆದವಳು. ಅಲ್ಲಿ ಉದುರಿದ ಲಿಂಬಿಯನ್ನು ತುಳಿಯದೆ ನಡೆಯುವುದೇ ಕಷ್ಟ. ಇಲ್ಲಿ ಒಂದು ಹಣ್ಣನ್ನೂ ಆರಿಸಿ, ಹಿಸುಕಿ ನೋಡಿ ಕೊಳ್ಳಬೇಕು. ಅಂಗಡಿಯಲ್ಲಿ ‘ಲಿಂಬಿಕಾಯಿ’ ಎಂದರೆ ಹುಬ್ಬಳ್ಳಿಯವರಾ ಎಂದು ಕೇಳುತ್ತಾರೆ; ತುಮಕೂರು ದಾಟಿದ ಊರೆಲ್ಲ ಅವರಿಗೆ ಹುಬ್ಬಳ್ಳಿಯೇ. ನಾನು ಕೆಲಸ ಮಾಡುವ ಯಲಹಂಕದ ಕಾಲೇಜಿನ ಪ್ರಯೋಗಾಲಯದಲ್ಲಿ ನನ್ನ ಮಾತಿಗೆ ನಗುವವರಿದ್ದುದರಿಂದ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದೆ. ಆದರೆ ಆಪಾ ಫೋನಿನಲ್ಲಿ ಯಾರಿಗೋ ‘ನಕ್ಕೋ’ ಅಂದಾಗ, ಅಂದರೆ ಬೇಡ ಅಂದಾಗ, ವಿಜಯಪುರದ ಸಂತೆಯಲ್ಲಿ ನಿಂತ ಹಾಗಾಯಿತು. ಈ ಊರಲ್ಲಿ ನನಗೆ ಮೊದಲು ಹತ್ತಿರವಾದ ಮಾತು ಕನ್ನಡದ್ದಲ್ಲ, ನಮ್ಮ ಕಡೆಯ ಉರ್ದುವಾದ ದಖನಿಯದು.

ಅವ್ವ ಕೊಟ್ಟ ಲಿಂಬಿಯ ಬೀಜವೊಂದನ್ನು ಪೇಂಟಿನ ಬಕೆಟ್ಟಿನಲ್ಲಿ ಹಾಕಿದ್ದೆ. ವರ್ಷಗಳು ಕಳೆದು ಅದು ನನ್ನ ಎದೆಯುದ್ದ ಬೆಳೆಯಿತು.

ಆ ವರ್ಷ ಮಳೆಗಾಲದಲ್ಲಿ ಪಕ್ಕದ ಸೈಟಿನಲ್ಲಿ ಕಟ್ಟಡ ಶುರುವಾಯಿತು. ಅವರು ಕಾಂಪೌಂಡಿಗೆ ಒತ್ತಿ ಮಣ್ಣು ಸುರಿದರು. ನೀರೆಲ್ಲ ನಮ್ಮ ಹಿತ್ತಲಿಗೆ ನುಗ್ಗಿ ಆಪಾನ ಕಸಿ ಗಿಡದ ಬುಡದಲ್ಲಿ ನಿಂತಿತು. ಆಪಾ ಹೋಗಿ ಹೇಳಿದರು. ಇಂಜಿನಿಯರ್ ನೋಡೋಣ ಎಂದ. ಬುಡದಿಂದ ಅಂಟು ಒಸರತೊಡಗಿತು. ಮೊದಲು ಮೂಸಂಬಿ ಒಣಗಿತು, ಆಮೇಲೆ ಗಜನಿಂಬೆ. ಉಳಿದದ್ದು ಕಿತ್ತಳೆಯ ಕೊಂಬೆ ಮಾತ್ರ. ಅದು ಆರ್.ಟಿ. ನಗರದಲ್ಲಿದ್ದ ಆಪಾನ ತಾಯಿಯ ಮನೆಯಿಂದ ತಂದದ್ದು. ಆ ಮನೆಯೂ ಇಲ್ಲ, ಅಲ್ಲಿನ ಮರವೂ ಇಲ್ಲ.

“ನಿನ್ನ ನಿಂಬೆ ಗಿಡ ಕೊಡ್ತೀಯಾ, ಶಾಂತಾ?” ಎಂದು ಕೇಳಿದರು ಆಪಾ. “ಅದಕ್ಕೆ ಈ ಕಿತ್ತಳೆ ಕಸಿ ಕಟ್ಟೋಣ. ಕಣ್ಣು ಹಿಡಿದ್ರೆ ಮೇಲಿನ ನಿಂಬೆ ಕತ್ತರಿಸ್ಬೇಕಾಗುತ್ತೆ. ಯೋಚನೆ ಮಾಡಿ ಹೇಳು.”

ನನ್ನ ಲಿಂಬಿ ಮೊದಲ ಸಲ ಮೊಗ್ಗು ಬಿಟ್ಟ ವಾರ ಅದು. ಬಕೆಟ್ಟಿಗೆ ನೀರು ಹಾಕಿ ಒಳಗೆ ಹೋದೆ. ಮರುದಿನ ಬೆಳಿಗ್ಗೆ ಬ್ಲೇಡು ಎಲ್ಲಿದೆ ಎಂದು ನಾನೇ ಕೇಳಿದೆ.

ಆಪಾ ಬ್ಲೇಡನ್ನು ನನ್ನ ಕೈಗೇ ಕೊಟ್ಟರು. ಅವರು ಹೇಳಿದಂತೆ ನಾನು ಕೊಯ್ದೆ. ಲಿಂಬಿ ಗಿಡದ ತೊಗಟೆಯನ್ನು ಸೀಳಿ, ಕಿತ್ತಳೆಯ ಎಲೆಯ ಬುಡದಲ್ಲಿರುವ ಮೊಗ್ಗನ್ನು, ಅವರ ಮಾತಿನಲ್ಲಿ ಕಣ್ಣನ್ನು, ಒಳಗೆ ಜಾರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದೆ. ಹಾಗೆ ಕೂರಿಸಿದ ನಾಲ್ಕಾರು ಕಣ್ಣುಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಕೆಲವು ವಾರಗಳಲ್ಲಿ ಕಪ್ಪಾದವು. ಆ ಒಂದರ ಎಲೆತೊಟ್ಟನ್ನು ಮುಟ್ಟಿ ನೋಡು ಎಂದರು. ಮುಟ್ಟಿದರೆ ಉದುರಬೇಕು, ಅಂಟಿಕೊಂಡಿದ್ದರೆ ಕಣ್ಣು ಸತ್ತಿದೆ ಎಂದರ್ಥ. ಬೆರಳು ತಾಗಿಸಿದೆ. ಉದುರಿತು.

ಕತ್ತರಿ ಹಿಡಿದಾಗ ಲಿಂಬಿಯಲ್ಲಿ ಹೂವಿತ್ತು. ಆಪಾ ನನ್ನ ಮುಖ ನೋಡಿ “ನಕ್ಕೋ ಬೇಟಿ, ಇನ್ನೊಂದ್ವಾರ ಬಿಡು” ಎಂದರು. ಇನ್ನೊಂದು ವಾರ ಬಿಟ್ಟರೆ ನನ್ನಿಂದ ಆಗುವುದಿಲ್ಲವೆಂದು ಗೊತ್ತಿತ್ತು. ಕತ್ತರಿಸಿದೆ.

ದಿನಗಳು ಕಳೆದರೂ ಕಣ್ಣು ಚಿಗುರಲಿಲ್ಲ. ಅಷ್ಟರಲ್ಲಿ ಹಳೇ ಗಿಡದ ಕಿತ್ತಳೆ ಕೊಂಬೆಯೂ ಎಲೆ ಕಳೆದುಕೊಂಡು ಕಡ್ಡಿಯಾಯಿತು. ಇನ್ನೊಂದು ಕಣ್ಣು ತೆಗೆಯಲು ಏನೂ ಉಳಿಯಲಿಲ್ಲ. ಕೆಲಸಕ್ಕೆ ಹೋಗುವಾಗ ನಾನು ಹಿತ್ತಲ ಕಡೆ ನೋಡುತ್ತಿರಲಿಲ್ಲ. ಆಪಾ ಅದರ ಮಾತೇ ಎತ್ತುತ್ತಿರಲಿಲ್ಲ. ಇಬ್ಬರೂ ಅಡುಗೆ, ಹವೆ ಎಂದು ಏನೇನೋ ಮಾತಾಡುತ್ತಿದ್ದೆವು. ಒಂದು ಭಾನುವಾರ ಅವರು ಬಂದು ನನ್ನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದರು. ಪಟ್ಟಿಯ ಪಕ್ಕದಲ್ಲಿ ಸೂಜಿಮೊನೆಯಷ್ಟು ಹಸಿರು.

ದೀಪಾವಳಿಗೆ ಮುಂಚೆ ಊರಿಂದ ಅಣ್ಣ ಬಂದ. ಅವ್ವನ ಲಿಂಬಿ ಎಲ್ಲಿ ಎಂದು ಕೇಳಿದ. ನಡೆದದ್ದೆಲ್ಲ ಹೇಳಿದೆ. ಅವನು ಬಕೆಟ್ಟಿನ ಮುಂದೆ ಕೂತು ಎಳೇ ಕಿತ್ತಳೆ ಕುಡಿಯನ್ನು ನೋಡಿದ, ವಾಲದಂತೆ ಒಂದು ಕೋಲು ನೆಟ್ಟು ಕಟ್ಟಿದ.

“ಊರಿಗಿ ಬರೂ ಮುಂದ ಇದನ್ನ ತರ್ತಿ ಏನು?” ಎಂದ.

“ಇಲ್ಲಣ್ಣ, ಇದು ಆಪಾಂದು. ಇಲ್ಲೇ ಇರ್ತೈತಿ.”

“ಮತ್ತ ನೀ?”

ಆಪಾ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದರು. ಅವರಿಗೂ ಆ ಪ್ರಶ್ನೆ ಕೇಳಿಸಿತ್ತು. ನಾನು ಎದ್ದು ಹೋಗಿ ಅವರ ಕೈಯಿಂದ ತಟ್ಟೆ ತೆಗೆದುಕೊಂಡು, ಈ ಮನೆಯವಳಂತೆ ಅಣ್ಣನ ಮುಂದೆ ಚಹಾ ಇಟ್ಟೆ.